ಕೆಂಚಿಯ ಎಡ ಕುತ್ತಿಗೆ

ಮಾರ್ಚ್ 4, ಮಂಗಳವಾರ

ಕೆಂಚಿಯ ಮೈಮೇಲೆ ಮತ್ತೆ ಗಂದೆ ಎದ್ದಿವೆ. ಇಂಜೆಕ್ಷನ್ ಹಾಕಿಸಿ ಇನ್ನೂ ಎರಡು ವಾರ ಆಗಿಲ್ಲ.

ಬೆಳಿಗ್ಗೆ ಸವಾರಿ ಕಲಿಯಲು ಬಂದ ಮಗುವೊಂದರ ತಾಯಿ ಕುದುರೆಯ ಕುತ್ತಿಗೆ ನೋಡಿದ್ದೇ ಮಗುವನ್ನು ರಟ್ಟೆ ಹಿಡಿದು ಹಿಂದಕ್ಕೆಳೆದುಕೊಂಡರು. "ಇದು ಅಂಟುತ್ತಾ?" ಎಂದು ಕೇಳಿದರು. ಇಲ್ಲ, ಇದು ಅಲರ್ಜಿ ಅಷ್ಟೇ, ಹುಳುಕಡ್ಡಿ ಅಲ್ಲ ಎಂದು ನಮ್ಮ ಯಜಮಾನರು ಪರಿಪರಿಯಾಗಿ ಹೇಳಿದರು. ಆಯಮ್ಮ ತಲೆಯಾಡಿಸುತ್ತಲೇ ಕಾರು ಹತ್ತಿ ಹೋದರು. ಈ ಒಂದು ತಿಂಗಳಿಂದ ಹೀಗೆ ಹೋದವರು ಆಯಮ್ಮ ಒಬ್ಬರೇ ಅಲ್ಲ.

ಊಟಕ್ಕೆ ಕೂತಾಗ ಇವರು ತಟ್ಟೆ ನೋಡುತ್ತಾ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ತಿಂಗಳ ಕೊನೆಯೊಳಗೆ ಕಾರಣ ಗೊತ್ತಾಗದಿದ್ದರೆ ಕೆಂಚಿಯನ್ನು ಹುಲ್ಲುಗಾವಲಿನವನಿಗೆ ಕೊಟ್ಟುಬಿಡುವುದು. ಆತ ವಯಸ್ಸಾದ ಕುದುರೆಗಳನ್ನು ಸಾಕುತ್ತಾನಂತೆ, ಇಲ್ಲಿಂದ ಒಂದು ದಿನದ ದಾರಿ. ಅತ್ತೆಯವರು ಅರ್ಧ ಊಟ ಬಿಟ್ಟು ಎದ್ದು ಕೈತೊಳೆದರು. ಕೆಂಚಿ ಈ ಲಾಯದಲ್ಲೇ ಹುಟ್ಟಿದವಳು. ತಾಯಿಕುದುರೆ ಹೆರಿಗೆಯಲ್ಲಿ ಸತ್ತಾಗ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದವರು ಅತ್ತೆಯವರು. ಇದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ, ಯಾರೂ ಹೇಳುವುದಿಲ್ಲ ಅಷ್ಟೇ.

"ಕಾರಣ ಹುಡುಕೋರು ಯಾರು?" ಎಂದೆ ನಾನು. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಇವರು ನನ್ನ ಕಡೆ ತಿರುಗಿಯಾಗಿತ್ತು. "ನೀನೇ. ನಿಮ್ಮ ಬಿಸ್ಕತ್ತು ಕಾರ್ಖಾನೆಯಲ್ಲಿ ಇದನ್ನೇ ಅಲ್ವಾ ಮಾಡ್ತಿದ್ದಿದ್ದು?"

ಹೌದು, ಇದನ್ನೇ. ಒಂದು ಡಬ್ಬಿ ಕೆಟ್ಟರೆ ಅದು ಹಿಟ್ಟಿನಿಂದಲೋ ಒಲೆಯಿಂದಲೋ ಯಾರದೋ ಕೈಯಿಂದಲೋ ಎಂದು ಪತ್ತೆ ಮಾಡುವುದೇ ನನ್ನ ಉದ್ಯೋಗವಾಗಿತ್ತು. ಕಾರ್ಖಾನೆ ಮುಚ್ಚಿತು, ಮದುವೆಯಾಯಿತು, ಇಲ್ಲಿಗೆ ಬಂದೆ. ಆದರೆ ಬಿಸ್ಕತ್ತು ಒದೆಯುವುದಿಲ್ಲ. ಕುದುರೆ ಎಂದರೆ ನನಗೆ ಜೀವ ಬಾಯಿಗೆ ಬರುತ್ತದೆ. ಇವತ್ತಿಗೂ ಲಾಯದ ಬಾಗಿಲ ಹೊರಗೆ ನಿಂತೇ ಒಳಗಿದ್ದವರನ್ನು ಕರೆಯುವವಳು ನಾನು.

ಮಾರ್ಚ್ 6, ಗುರುವಾರ

ಕುದುರೆ ಡಾಕ್ಟರಮ್ಮ ಬಂದಿದ್ದರು. ಗಟ್ಟಿ ದನಿ, ಅದಕ್ಕಿಂತ ಗಟ್ಟಿ ಕೈ. ಕೆಂಚಿಯ ಚರ್ಮ ಕೆರೆದು ಗಾಜಿನ ಮೇಲೆ ಹಾಕಿ ನೋಡಿದರು. ಹುಳುಕಡ್ಡಿ ಇಲ್ಲ, ಕಜ್ಜಿಹುಳ ಇಲ್ಲ. ಅಲರ್ಜಿ ಎನ್ನುವುದರಲ್ಲಿ ಅನುಮಾನವಿಲ್ಲ ಎಂದರು. ಯಾವುದರ ಅಲರ್ಜಿ ಎಂದರೆ ಕೈಚೆಲ್ಲಿದರು.

"ನೊರಜು ಇರಬಹುದು, ಮೇವು ಇರಬಹುದು, ಹಾಸು ಇರಬಹುದು, ಮೈಗೆ ತಾಗೋ ಬಟ್ಟೆ, ಸೋಪು, ಬಣ್ಣ, ಏನು ಬೇಕಾದ್ರೂ ಇರಬಹುದು. ನಾನು ಬಂದು ಹೋಗೋಳು. ಇದರ ಜೊತೆ ಇರೋರು ನೀವು. ನೀವೇ ಕಂಡುಹಿಡೀಬೇಕು" ಎಂದರು.

"ಮೇವಿನಿಂದ ಶುರು ಮಾಡ್ಲಾ?"

"ಮೇವಿನದ್ದು ಗೊತ್ತಾಗೋಕೆ ವಾರಗಟ್ಟಲೆ ಬೇಕು. ಬೇಗ ಉತ್ತರ ಸಿಗೋದನ್ನ ಮೊದಲು ನೋಡಿ. ಆದ್ರೆ ಒಂದು ಸಲಕ್ಕೆ ಒಂದೇ ಬದಲಾಯಿಸಬೇಕು. ಎರಡು ಬದಲಾಯಿಸಿದ್ರೋ, ಯಾವುದರಿಂದ ವಾಸಿಯಾಯ್ತು ಅಂತ ದೇವರಿಗೇ ಗೊತ್ತು."

ಈ ಮಾತು ನನಗೆ ತವರಿನ ಮಾತು ಕೇಳಿದಷ್ಟು ಖುಷಿ ಕೊಟ್ಟಿತು. ಕಾರ್ಖಾನೆಯಲ್ಲಿ ನಮಗೆ ಕೆಲಸ ಕಲಿಸಿದ ಮೇಷ್ಟ್ರೂ ಹೀಗೇ ಹೇಳುತ್ತಿದ್ದರು.

ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಆರು ಕುದುರೆಗಳಿಗೂ ಒಂದೇ ಹುಲ್ಲು, ಒಂದೇ ನೀರು, ಒಂದೇ ಗಾಳಿ. ಗಂದೆ ಒಂದಕ್ಕೇ ಯಾಕೆ? ಇವರನ್ನು ಕೇಳಿದೆ. "ಕಡಲೆಕಾಯಿ ಊರಿಗೆಲ್ಲ ಕಡಲೆಕಾಯಿ, ನಿಮ್ಮ ಚಿಕ್ಕಮ್ಮನಿಗೆ ಮಾತ್ರ ತುಟಿ ಬದನೆಕಾಯಿ ಆಗುತ್ತಲ್ಲ?" ಎಂದರು. ನಿಜವೇ. ಆದರೂ ಚಿಕ್ಕಮ್ಮ ಕಡಲೆಕಾಯಿ ತಿಂದಿದ್ದು ನಮಗೆ ಗೊತ್ತಿತ್ತು. ಕೆಂಚಿ ಮಾತ್ರ ತಿನ್ನುತ್ತಿರುವುದು, ಅಥವಾ ಅವಳಿಗೆ ಮಾತ್ರ ತಾಗುತ್ತಿರುವುದು ಏನಾದರೂ ಇದೆಯೇ?

ಮಾರ್ಚ್ 9, ಭಾನುವಾರ

ಮೊದಲ ಗುಮಾನಿ ನೊರಜಿನ ಮೇಲೆ. ಲಾಯದೊಳಗೆ ಕೆಂಚಿ ನಿಲ್ಲುವ ಕೊಟ್ಟಡಿಗೆ ಸೊಳ್ಳೆಪರದೆಯ ಬಟ್ಟೆ ಹೊಡೆಸಿದೆವು, ಫ್ಯಾನ್ ಹಾಕಿಸಿದೆವು. ಲಾಳ ಹೊಡೆಯುವವ ಬಂದವನು ನೋಡಿ ನಕ್ಕಿದ್ದೇ ನಕ್ಕಿದ್ದು. "ಮದುವಣಗಿತ್ತಿ ಮಂಚ ಇದ್ದಂಗಿದೆಯಲ್ಲ ಬಿಸ್ಕತ್ತಮ್ಮ! ಗಂಡು ಯಾವಾಗ ಬರ್ತಾನೆ?" ಅವನು ಇಟ್ಟ ಹೆಸರು ಈಗ ಸವಾರಿಗೆ ಬರುವ ಮಕ್ಕಳ ಬಾಯಲ್ಲೂ ಓಡಾಡುತ್ತಿದೆ.

ಗಂದೆ ಇಳಿಯಲಿಲ್ಲ. ಇವತ್ತು ಮತ್ತೆ ನಾಲ್ಕಾರು ಹೊಸವು.

ಡಾಕ್ಟರಮ್ಮನಿಗೆ ಫೋನು ಮಾಡಿದರೆ, ಎಲ್ಲಿ ಎದ್ದಿವೆ ಎಂದು ಕೇಳಿದರು. ನೊರಜಿನ ಅಲರ್ಜಿಯಾದರೆ ಜೂಲಿನ ಬುಡ, ಬಾಲದ ಬುಡ, ಹೊಟ್ಟೆಯ ಕೆಳಗೆ ಜಾಸ್ತಿಯಂತೆ. ಎಲ್ಲಿ ಎಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಬಾಗಿಲಿಂದ ಎಷ್ಟು ಕಂಡೀತು? ಕೊನೆಗೆ ಅತ್ತೆಯವರನ್ನು ಬೇಡಿಕೊಂಡೆ. ಅವರು ಹಗ್ಗ ಹಿಡಿದರು, ನಾನು ಒಳಗೆ ಹೋದೆ. ಹೋದೆ ಎಂದರೆ, ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಂಡು ಹೋದೆ.

"ಎಡಗಡೆಯಿಂದ ಬಾ" ಎಂದರು ಅತ್ತೆಯವರು. "ಕುದುರೆ ಹತ್ರ ಯಾವತ್ತೂ ಎಡಗಡೆಯಿಂದಲೇ ಬರೋದು. ಜೀನು ಕಟ್ಟೋದೂ ಎಡಗಡೆಯಿಂದ, ಹತ್ತೋದೂ ಎಡಗಡೆಯಿಂದ. ಅವಕ್ಕೆ ಅದೇ ಅಭ್ಯಾಸ. ಉಸಿರು ಬಿಡು, ನೀನು ಉಸಿರು ಹಿಡ್ಕೊಂಡ್ರೆ ಅವಳಿಗೂ ಗಾಬರಿ."

ಗಂದೆ ಇದ್ದದ್ದು ಎಡ ಕುತ್ತಿಗೆಯ ಮೇಲೆ, ಅಲ್ಲಿಂದ ಭುಜದವರೆಗೆ. ಬಲಗಡೆ ನುಣ್ಣಗೆ. ಹೊಟ್ಟೆ, ಬಾಲ, ಎಲ್ಲಾ ಶುದ್ಧ. ನೊರಜಿಗೆ ಎಡ ಬಲ ಗೊತ್ತಿರುತ್ತದೆಯೇ?

ಹೊರಗೆ ಬರುವಾಗ ಕೆಂಚಿ ನನ್ನ ತೋಳಿನ ಮೇಲೆ ಉಸಿರು ಬಿಟ್ಟಳು. ಬಿಸಿಯಾಗಿತ್ತು.

ಮಾರ್ಚ್ 13, ಗುರುವಾರ

ಎಡ ಮಗ್ಗುಲಾಗಿ ಮಲಗುತ್ತಾಳೇನೋ ಎಂದು ಹಾಸು ಬದಲಾಯಿಸಿದೆ. ಮರದ ಹೊಟ್ಟು ತೆಗೆಸಿ ಒಣಹುಲ್ಲು ಹಾಕಿಸಿದೆ. ಆಮೇಲೆ ಗೊತ್ತಾಯಿತು, ಕುದುರೆ ನಿಂತೇ ನಿದ್ದೆ ಹೊಡೆಯುತ್ತದಂತೆ, ಮಲಗುವುದೇ ಅಪರೂಪವಂತೆ. ಇಷ್ಟು ದಿನ ಇಲ್ಲಿದ್ದೂ ನನಗೆ ಇದು ತಿಳಿದಿರಲಿಲ್ಲ. ಮೊಣಕಾಲನ್ನು ಬೀಗದ ಹಾಗೆ ಹಾಕಿಕೊಂಡುಬಿಡುತ್ತವಂತೆ. ನಮಗೂ ಹಾಗಿದ್ದಿದ್ದರೆ ಬಸ್ಸಿನಲ್ಲಿ ಎಷ್ಟು ಅನುಕೂಲವಾಗುತ್ತಿತ್ತು!

ಅತ್ತೆಯವರ ಜೊತೆ ಜಗಳ. ಹಾಸು ಬದಲಾಯಿಸಿದ ದಿನವೇ ಅವರು ಕೆಂಚಿಗೆ ಸೋಪು ಹಾಕಿ ಮೈತೊಳೆಸಿದ್ದಾರೆ. ಒಂದು ಸಲಕ್ಕೆ ಒಂದೇ ಎಂದು ಬಾಯಿ ಬಡಿದುಕೊಂಡಿದ್ದೆ. ಇವತ್ತು ಎರಡು ಗಂದೆ ಕಡಿಮೆಯಾಗಿವೆ, ಹಾಸಿನಿಂದಲೋ ಸ್ನಾನದಿಂದಲೋ ಹೇಗೆ ಹೇಳುವುದು?

"ತುರಿಕೆಗೆ ಒದ್ದಾಡ್ತಿದ್ಲು, ನೋಡ್ಕೊಂಡು ಸುಮ್ನೆ ಕೂತ್ಕೋಬೇಕಿತ್ತಾ? ನಿನ್ನ ಕಾರ್ಖಾನೆನ ನನ್ನ ಕುದುರೆ ಮೇಲೆ ನಡೆಸ್ಬೇಡ" ಎಂದು ರೇಗಿದರು.

ನನಗೂ ಸಿಟ್ಟು ನೆತ್ತಿಗೇರಿತು. ಅವಳನ್ನು ಉಳಿಸಿಕೊಳ್ಳಬೇಕಾದವರೇ ಹೀಗೆ ಅಡ್ಡಗಾಲು ಹಾಕಿದರೆ? ಸಂಜೆ ಇವರ ಹತ್ತಿರ ದೂರು ಹೇಳಿದೆ. ಇವರು ನಿಟ್ಟುಸಿರು ಬಿಟ್ಟರು. "ಅಮ್ಮನಿಗೆ ವಯಸ್ಸಾಯ್ತು. ಹೇಳಿದ್ರೆ ಕೇಳಲ್ಲ. ಅವಳ ಕೈಲಿ ಇನ್ನು ಆಗಲ್ಲ ಅಂತ ಗೊತ್ತಾದ ದಿನ ಲಾಯದ ಕೀಲಿ ನಾನೇ ತಗೋತೀನಿ. ಅವಳಿಗೂ ಅದು ಗೊತ್ತು." ನಾನು ಬಯಸಿದ್ದು ಇಷ್ಟು ದೊಡ್ಡ ಉತ್ತರವಲ್ಲ.

ಮಾರ್ಚ್ 16, ಭಾನುವಾರ

ಲಾಯದ ಹಿಂದಿನ ಏರು ಹತ್ತಿದರೆ ಹಳೆಯ ಕೊಟ್ಟಿಗೆಯೊಂದಿದೆ. ಕೆಂಚಿಯನ್ನು ಅಲ್ಲಿಗೆ ಸಾಗಿಸಿದೆವು. ಹುಲ್ಲು, ನೀರು, ಬಟ್ಟೆ ಎಲ್ಲಾ ಮೊದಲಿನದೇ, ಜಾಗ ಮಾತ್ರ ಬೇರೆ. ಒಂದೇ ಬದಲಾವಣೆ.

ಅತ್ತೆಯವರು ಅಲ್ಲಿಗೆ ಬರಲಿಲ್ಲ. "ನೀನೇ ನೋಡ್ಕೋ. ನಿನ್ನ ಪರೀಕ್ಷೆ, ನಿನ್ನ ಜವಾಬ್ದಾರಿ" ಎಂದರು. ಮುನಿಸು ಇನ್ನೂ ಇಳಿದಿಲ್ಲವೆಂದಾಯಿತು. ಬಾಟಲಿ ಹಾಲು ಕುಡಿಸಿ ಬೆಳೆಸಿದವರು ಹೀಗೆ ಮುಖ ತಿರುಗಿಸುತ್ತಾರಲ್ಲ ಎಂದು ನನಗೆ ಕೆಡುಕೆನಿಸಿತು. ಹೀಗಾಗಿ ಮೇವು ಹಾಕುವುದು, ಮೈ ಉಜ್ಜುವುದು ಎರಡೂ ನನ್ನ ಪಾಲಿಗೆ. ಗಟ್ಟಿ ಬ್ರಷ್ಷಿನಿಂದ ಸುತ್ತಿಸುತ್ತಿ ಉಜ್ಜಬೇಕು, ಆಮೇಲೆ ಮೆತ್ತನೆಯದರಿಂದ ಕೂದಲು ಮಲಗಿದ ದಿಕ್ಕಿಗೆ ಎಳೆಯಬೇಕು. ಹೊಟ್ಟೆಯ ಕೆಳಗೆ ಕಚಗುಳಿಯಾಗುತ್ತದೆ ಎಂದು ಬಾಲ ಬೀಸುತ್ತಾಳೆ. ಬಾಲದ ಕೂದಲು ಕಣ್ಣಿಗೆ ಬಡಿದರೆ ಚುರ್ರೆನ್ನುತ್ತದೆ.

ಮಾರ್ಚ್ 19, ಬುಧವಾರ

ಗಂದೆ ಮಾಯ! ಎಡ ಕುತ್ತಿಗೆ ಕೈಯಾಡಿಸಿದರೆ ಬಲಗಡೆಯಷ್ಟೇ ನುಣುಪು. ಕಣ್ಣು ಮುಚ್ಚಿಕೊಂಡು ಎರಡು ಸಲ ಸವರಿ ನೋಡಿದೆ.

ಅಂದರೆ ಕಾರಣ ಆ ಕೊಟ್ಟಡಿಯೊಳಗೇ ಇದೆ. ಅದೂ ಎಡಗಡೆ. ಎಡಗಡೆ ಏನಿದೆ? ಗೋಡೆ. ಗೋಡೆಗೆ ಏನಿದೆ? ಬಣ್ಣ. ಬಣ್ಣ ಬಳಿದವರು ಯಾರು? ನನ್ನ ಗಂಡ! ಮಧ್ಯಾಹ್ನ ಹೋಗಿ ಹಿಡಿದೆ. "ಸ್ವಾಮಿ, ಆರೋಪಿ ಸಿಕ್ಕಿಬಿದ್ದ" ಎಂದು ಕೈ ಮುಂದೆ ಚಾಚಿ ನಿಂತರು ಇವರು. ಬಹಳ ದಿನದ ಮೇಲೆ ಇಬ್ಬರೂ ಹೊಟ್ಟೆ ತುಂಬ ನಕ್ಕೆವು. ನಾಳೆ ಬಣ್ಣ ಕೆರೆಸಿ, ಮೇಲೆ ಹಲಗೆ ಹೊಡೆಸುವುದು.

ಅತ್ತೆಯವರಿಗೆ ಹೇಳಿದೆ. "ವಾಸಿಯಾದ್ಲಾ? ನಿಜವಾಗ್ಲೂ?" ಎಂದು ಮೂರು ಸಲ ಕೇಳಿದರು. ಆಮೇಲೆ, "ಯಾವಾಗ ಕೆಳಗೆ ಕರ್ಕೊಂಡು ಬರ್ತೀಯಾ?" ಎಂದರು.

ಮಾರ್ಚ್ 23, ಭಾನುವಾರ

ಕೆಂಚಿಯನ್ನು ಶುಕ್ರವಾರ ಕೆಳಗೆ ತಂದೆವು. ಹೊಸ ಹಲಗೆ, ಬಣ್ಣದ ಚೂರೂ ಇಲ್ಲ.

ಇವತ್ತು ಮತ್ತೆ ಗಂದೆ. ಎಡ ಕುತ್ತಿಗೆ.

ಏನೂ ಬರೆಯಲು ಮನಸ್ಸಿಲ್ಲ.

ಮಾರ್ಚ್ 24, ಸೋಮವಾರ

ಹುಲ್ಲುಗಾವಲಿನವನಿಗೆ ಇವರು ಫೋನು ಮಾಡಿದ್ದಾರೆ. ಶನಿವಾರ ಲಾರಿ ತರುತ್ತಾನಂತೆ. "ಏರಿನ ಕೊಟ್ಟಿಗೆಯಲ್ಲೇ ಇಡೋಣ ರೀ" ಎಂದೆ. ಅಲ್ಲಿ ಮಾಡು ಸೋರುತ್ತದೆ, ಮಳೆ ಹಿಡಿದರೆ ಕೆಸರಲ್ಲಿ ಜಾರಿ ಕಾಲು ಮುರಿದುಕೊಳ್ಳುತ್ತಾಳೆ, ಒಂಟಿ ಕುದುರೆ ಮಂಕಾಗುತ್ತದೆ ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಅವರ ಕಣ್ಣೂ ಕೆಂಪಾಗಿತ್ತು.

ಎಲ್ಲ ಬದಲಾಯಿಸಿ ನೋಡಿದ್ದಾಯಿತು. ಇನ್ನು ಬದಲಾಯಿಸದೆ ನೋಡುವುದೊಂದೇ ಬಾಕಿ. ಕಾರ್ಖಾನೆಯಲ್ಲೂ ಕೊನೆಗೆ ಅದನ್ನೇ ಮಾಡುತ್ತಿದ್ದೆವು, ಯಂತ್ರದ ಪಕ್ಕ ಒಂದು ಇಡೀ ಪಾಳಿ ಸುಮ್ಮನೆ ಕೂರುವುದು. ನಾಳೆ ಕೆಂಚಿಯ ಕೊಟ್ಟಡಿಯಲ್ಲಿ ಬಕೆಟ್ಟು ಬೋರಲು ಹಾಕಿ ಕೂರುತ್ತೇನೆ. ಏನೇನು ಅವಳ ಮೈಗೆ ತಾಗುತ್ತದೋ ಎಲ್ಲಾ ನೋಡಬೇಕು.

ಮಾರ್ಚ್ 25, ಮಂಗಳವಾರ

ಬೆಳಕು ಹರಿಯುವ ಮೊದಲೇ ಹೋಗಿ ಮೂಲೆಯಲ್ಲಿ ಕೂತೆ, ಹುಲ್ಲಿನ ಪೆಂಡಿಯ ಮರೆಗೆ. ಕೆಂಚಿ ಬಂದು ನನ್ನ ನೆತ್ತಿ ಮೂಸಿ, ತಿನ್ನುವಂಥದ್ದೇನೂ ಇಲ್ಲವೆಂದು ಖಾತ್ರಿಯಾದ ಮೇಲೆ ಹಿಂದಿನ ಕಾಲೊಂದನ್ನು ಸಡಿಲ ಬಿಟ್ಟು ತೂಕಡಿಸಿದಳು. ಅವಳ ಗೊರಸು ನನ್ನ ಚಪ್ಪಲಿಯಿಂದ ಒಂದು ಗೇಣು ದೂರವಿತ್ತು. ಅದರ ಅಂಚಿನಲ್ಲಿ ಮರದ ಗೆರೆಗಳ ಹಾಗೆ ಉಂಗುರಗಳಿವೆ. ಪ್ರತಿ ಉಂಗುರವೂ ಯಾವುದೋ ಕಾಲದ ಮೇವಿನ ಗುರುತೇ? ಲಾಳ ಹೊಡೆಯುವವನನ್ನು ಕೇಳಬೇಕು.

ಬೆಳಕಾಗುವ ಹೊತ್ತಿಗೆ ಅತ್ತೆಯವರು ಬಂದರು. ನನ್ನನ್ನು ಗಮನಿಸಲಿಲ್ಲ. ಕೆಂಚಿಯ ಎಡಗಡೆ ಬಂದು ನಿಂತರು. ತಮ್ಮ ಬಲ ಭುಜವನ್ನು ಅವಳ ಕುತ್ತಿಗೆಗೆ ಆನಿಸಿ, ತಲೆಯನ್ನೂ ಒರಗಿಸಿ, ಕಣ್ಣು ಮುಚ್ಚಿದರು. ಹಾಗೆ ಒರಗಿದಾಗ ಅವರ ಬಾಯಿಂದ "ಅಮ್ಮಾ" ಎಂದು ಸಣ್ಣ ದನಿಯೊಂದು ಬಂತು. ಕೆಂಚಿಗೆ ಅದೇ ಬೇಕಾಗಿತ್ತೇನೋ, ಕುತ್ತಿಗೆಯನ್ನು ಆ ಭುಜಕ್ಕೆ ತಿಕ್ಕತೊಡಗಿದಳು. ತುರಿಕೆ ತೀರಿಸಿಕೊಳ್ಳುತ್ತಾ ತುಟಿ ಜೋಲಾಡಿಸಿದಳು. "ತುರಿಸ್ಕೋ ಕಂದಾ, ತುರಿಸ್ಕೋ" ಎಂದರು ಅತ್ತೆ. ಈ ದನಿಯಲ್ಲಿ ಅವರು ಮಾತಾಡುವುದನ್ನು ನಾನು ಕೇಳಿಯೇ ಇರಲಿಲ್ಲ. ಕೆಮ್ಮು ತಡೆದುಕೊಂಡು ಕೂತೆ.

ತಡೆಯಲಾಗಲಿಲ್ಲ. ಕೆಮ್ಮಿದೆ.

"ಯಾರದು? ನೀನಾ? ಇಲ್ಲೇನ್ ಮಾಡ್ತಿದ್ದೀಯಾ?"

"ನೋಡ್ತಿದ್ದೀನಿ ಅತ್ತೆ."

"ಏನನ್ನ?"

"ಗೊತ್ತಿಲ್ಲ ಅತ್ತೆ. ಗೊತ್ತಾಗ್ಲಿ ಅಂತ ನೋಡ್ತಿದ್ದೀನಿ."

ಹುಬ್ಬು ಗಂಟಿಕ್ಕಿಕೊಂಡು ಹೋದರು. ಅಷ್ಟರಲ್ಲಿ ವಾಸನೆ ಬಂತು, ಮುಲಾಮಿನದು. ತಲೆನೋವಿಗೆಂದು ಅತ್ತೆ ಹಚ್ಚುವ ಮುಲಾಮು. ಮನೆಯಲ್ಲಿ ಆ ವಾಸನೆ ಎಷ್ಟು ದಿನದಿಂದ ಇದೆಯೆಂದರೆ, ಈಗ ಯಾರ ಮೂಗಿಗೂ ಹತ್ತುವುದಿಲ್ಲ. ಅಲ್ಲಿ, ಹುಲ್ಲು ಲದ್ದಿಗಳ ನಡುವೆ, ಅದು ಬೇರೆಯಾಗಿ ಮೂಗಿಗೆ ಬಡಿಯಿತು. ಎದ್ದು ಹೋಗಿ ಕೆಂಚಿಯ ಎಡ ಕುತ್ತಿಗೆಗೆ ಮೂಗು ಒತ್ತಿದೆ. ಅವಳ ಕೂದಲಿನಿಂದ ಬರುತ್ತಿತ್ತು. ಬಲಗಡೆಗೆ ಹೋಗಿ ಮೂಸಿದೆ. ಬರೀ ಕುದುರೆ.

ಎದೆ ಧಸಕ್ಕೆಂದಿತು. ಮೊದಲು ಖುಷಿಗೆ, ಆಮೇಲೆ ಬೇರೆ ಯಾವುದಕ್ಕೋ.

ತಲೆನೋವಿಗೆ ಹಚ್ಚಿದ್ದು ಭುಜಕ್ಕೆ ಹೇಗೆ ಬಂತು? ತಿಂಡಿಯ ಹೊತ್ತಿನಲ್ಲಿ ಅತ್ತೆಯನ್ನೇ ನೋಡುತ್ತಾ ಕೂತೆ. ಲೋಟ ಎತ್ತಿದ್ದು ಎಡಗೈಯಲ್ಲಿ. ಮೇಲಿನ ಶೆಲ್ಫಿನ ಡಬ್ಬಿ ಬೇಕಾದಾಗ ಮಗನನ್ನು ಕರೆದು, "ಎತ್ಕೊಡು, ಉದ್ದ ಬೆಳೆದಿದ್ದು ಯಾಕೆ" ಎಂದು ತಮಾಷೆ ಮಾಡಿದರು. ಆಗ ಏರಿನ ಕೊಟ್ಟಿಗೆ ನೆನಪಾಯಿತು. ಅದರ ಅಗುಳಿ ನನ್ನ ತಲೆಗಿಂತ ಎತ್ತರದಲ್ಲಿದೆ, ಎರಡೂ ಕೈ ಮೇಲೆತ್ತಿ ತಳ್ಳಿದರೆ ಮಾತ್ರ ತೆಗೆಯಬಹುದು. ಅವರು ಮುನಿಸಿಕೊಂಡು ಬರದೇ ಇದ್ದದ್ದಲ್ಲ. ಬಂದಿದ್ದರೂ ಬಾಗಿಲ ಹೊರಗೇ ನಿಲ್ಲಬೇಕಾಗಿತ್ತು, ಯಾಕೆಂದು ನಾನು ಕೇಳುತ್ತಿದ್ದೆ.

ಮಾರ್ಚ್ 26, ಬುಧವಾರ

ಡಾಕ್ಟರಮ್ಮನಿಗೆ ಫೋನು ಮಾಡಿದೆ. ನೋವಿನ ಮುಲಾಮಿನಿಂದ ಕುದುರೆಗೆ ಗಂದೆ ಏಳಬಹುದೇ ಎಂದು ಕೇಳಿದೆ. "ಯಾಕಾಗಬಾರದು? ಒಂದೊಂದು ಚರ್ಮಕ್ಕೆ ಒಂದೊಂದು ಆಗಲ್ಲ. ಆದ್ರೆ ಊಹೆ ಸಾಲದು. ಬಿಡಿಸಿದಾಗ ಇಳಿದಿರಬೇಕು, ಹಚ್ಚಿದಾಗ ಎದ್ದಿರಬೇಕು. ಹಚ್ಚಿ ನೋಡಿ, ಒಂದು ಬೊಟ್ಟಿನಷ್ಟು" ಎಂದರು.

ಎಲ್ಲಾ ಕೂಡಿಬರುತ್ತಿದೆ. ಭುಜ ನೋಯುತ್ತದೆ, ಮುಲಾಮು ಹಚ್ಚುತ್ತಾರೆ, ಕೆಂಚಿಗೆ ಒರಗುತ್ತಾರೆ, ಅವಳಿಗೆ ಗಂದೆ ಏಳುತ್ತದೆ. ಗಂದೆ ಕಂಡು ಕರುಳು ಚುರುಕ್ಕೆಂದು ಇನ್ನಷ್ಟು ಉಜ್ಜುತ್ತಾರೆ, ತೊಳೆಯುತ್ತಾರೆ, ಭುಜ ಇನ್ನಷ್ಟು ನೋಯುತ್ತದೆ. ಮತ್ತೆ ಮುಲಾಮು. ಗಾಣದ ಎತ್ತಿನ ಹಾಗೆ ಇಬ್ಬರೂ ಸುತ್ತುತ್ತಿದ್ದಾರೆ.

ಇಷ್ಟು ಚೆಂದದ ಉತ್ತರ ಕಾರ್ಖಾನೆಯಲ್ಲಿ ಒಂದು ಸಲವೂ ಸಿಕ್ಕಿರಲಿಲ್ಲ. ಆದರೆ ಹೇಳುವುದು ಯಾರಿಗೆ? ಇವರಿಗೆ ಹೇಳಿದರೆ ಕೆಂಚಿ ಉಳಿಯುತ್ತಾಳೆ, ಅತ್ತೆಯ ಸೊಂಟದಿಂದ ಲಾಯದ ಕೀಲಿ ಹೋಗುತ್ತದೆ. ಹೇಳದಿದ್ದರೆ ಕೀಲಿ ಉಳಿಯುತ್ತದೆ, ಶನಿವಾರ ಕೆಂಚಿ ಲಾರಿ ಹತ್ತುತ್ತಾಳೆ. ಇವರು ಎರಡು ಸಲ ಕೇಳಿದರು, "ಏನಾದ್ರೂ ಸಿಕ್ತಾ?" ಎಂದು. ಇನ್ನೂ ನೋಡುತ್ತಿದ್ದೇನೆ ಎಂದೆ. ಗಂಡನಿಗೆ ಸುಳ್ಳು ಹೇಳಿದೆ.

ಮಾರ್ಚ್ 27, ಗುರುವಾರ

ಅತ್ತೆ ಹಿತ್ತಲಿನಲ್ಲಿ ಒಗೆದ ಬಟ್ಟೆ ಹರವುತ್ತಿದ್ದರು. ತಂತಿಯ ಮೇಲಲ್ಲ, ತಗ್ಗಿನ ಬೇಲಿಯ ಮೇಲೆ. ಬಕೆಟ್ಟಿನಿಂದ ಒಂದೊಂದೇ ಹಿಂಡಿ ಕೊಡುತ್ತಾ ಹೇಳಿಬಿಟ್ಟೆ. ಸುತ್ತುಬಳಸಲು ಹೋಗಿ ಎಲ್ಲೆಲ್ಲೋ ಸಿಕ್ಕಿಹಾಕಿಕೊಂಡು, ಕೊನೆಗೆ ನೇರವಾಗಿ.

ಅವರು ದಿಂಬಿನ ಚೀಲವೊಂದನ್ನು ಮಡಿಸುತ್ತಾ ಬಿಡಿಸುತ್ತಾ ನಿಂತರು.

"ಅಂದ್ರೆ ನಾನಾ?"

"ನೀವಲ್ಲ ಅತ್ತೆ. ಮುಲಾಮು."

"ಮುಲಾಮು ತಾನಾಗೇ ನಡ್ಕೊಂಡು ಹೋಯ್ತಾ ಅವಳ ಹತ್ರ?" ಚೀಲವನ್ನು ಬೇಲಿಯ ಮೇಲೆ ಎಸೆದರು. "ಅವಳು ತುರಿಸ್ಕೊಳ್ಳೋದು ನೋಡಲಾರದೆ ದಿನಾ ಹೋಗ್ತಿದ್ದೆನಲ್ಲೇ. ಅಲ್ಲಿಗೆ ಹೋದ್ರೇನೇ ನನಗೂ ಸ್ವಲ್ಪ ಹಿತ. ಅವಳ ಮೈ ಬಿಸಿ ಇರುತ್ತಲ್ಲ, ನೋವು ಇಳಿಯುತ್ತೆ."

"ನೋವು ಯಾವತ್ತಿಂದ ಅತ್ತೆ?"

"ಚಳಿಗಾಲದಿಂದ." ಹೇಳಿ ಮುಗಿಸುವಷ್ಟರಲ್ಲಿ ಅವರಿಗೂ ಹೊಳೆಯಿತು. ಕೆಂಚಿಗೆ ಮೊದಲ ಗಂದೆ ಎದ್ದದ್ದೂ ಚಳಿಗಾಲದಲ್ಲೇ.

ನಾನು ಯಾರಿಗೂ ಹೇಳಿಲ್ಲವೆಂದೆ. ಹೇಳುವುದೂ ಬಿಡುವುದೂ ನಿಮಗೆ ಬಿಟ್ಟದ್ದು ಎಂದೆ. ಮುಲಾಮನ್ನು ಇವತ್ತೇ ಬಿಟ್ಟರೆ ಗಂದೆ ತಾನಾಗಿ ಇಳಿಯುತ್ತದೆ, ಏನೋ ಒಂದು ಕಾರಣ ಹೇಳಿ ಲಾರಿ ತಡೆಯೋಣ ಎಂದೂ ಅಂದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅಂದದ್ದು ನಿಜ.

ಅವರು ತಲೆಯಲ್ಲಾಡಿಸಿದರು. "ಡಾಕ್ಟರಮ್ಮ ಹಚ್ಚಿ ನೋಡಿ ಅಂದ್ರು ಅಂದೆಯಲ್ಲ. ಬಾ."

ಕೊಟ್ಟಡಿಗೆ ಹೋದೆವು. ಗಂದೆಯೇ ಇಲ್ಲದ ಬಲಗಡೆ ಹಚ್ಚಬೇಕು, ಒಂದು ಜಾಗಕ್ಕೆ ಬರೀ ಅಡುಗೆ ಎಣ್ಣೆ, ಅದರ ಪಕ್ಕದ ಜಾಗಕ್ಕೆ ಮುಲಾಮು, ಆಗ ಅನುಮಾನಕ್ಕೆ ಜಾಗವಿಲ್ಲ ಎಂದೆ. ನಾನೇ ಹಚ್ಚುತ್ತೇನೆಂದರೆ ಅತ್ತೆ ಬಿಡಲಿಲ್ಲ. "ನನ್ನ ಕೈಯಿಂದಲೇ ಆಗ್ಲಿ." ಎಡಗೈ ಬೆರಳಿನಿಂದ ಹಚ್ಚಿದರು. ಬಲಗಡೆಯಿಂದ ಯಾರೂ ಬಂದು ಅಭ್ಯಾಸವಿಲ್ಲದ ಕೆಂಚಿ ಕುತ್ತಿಗೆ ತಿರುಗಿಸಿ ಆಶ್ಚರ್ಯದಿಂದ ನೋಡಿದಳು. "ಇದೊಂದು ಸಲ ಕ್ಷಮಿಸು ಕಂದಾ" ಎಂದರು.

ಮಾರ್ಚ್ 28, ಶುಕ್ರವಾರ

ಎಣ್ಣೆ ಹಚ್ಚಿದಲ್ಲಿ ಏನೂ ಇಲ್ಲ. ಮುಲಾಮು ಹಚ್ಚಿದಲ್ಲಿ ಗಂದೆ, ಅಂಚು ಕಟ್ಟಿದ ಹಾಗೆ, ಅತ್ತೆಯ ಬೆರಳಿನ ಅಳತೆಗೆ ಸರಿಯಾಗಿ.

ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಗಂದೆ ಕಂಡು ಎಡಗಡೆಗೆ ಸರಿದು ನಿಂತವರ ಮುಖ ನೋಡಿ ಕೈ ಅಲ್ಲಿಗೇ ನಿಂತಿತು. ಅತ್ತೆ ಅಳುತ್ತಿದ್ದರು. ಏನು ಮಾಡಬೇಕೆಂದು ತೋಚದೆ ಕೆಂಚಿಯ ಹೊಟ್ಟೆಯ ಕೆಳಗಿಂದ ತೂರಿಕೊಂಡು ಆ ಕಡೆ ಹೋಗಿ ಅವರ ಕೈ ಹಿಡಿದುಕೊಂಡೆ. ಒರಟು ಕೈ, ತಣ್ಣಗಿತ್ತು.

ಸಂಜೆ ಊಟಕ್ಕೆ ಕೂತಾಗ ಅತ್ತೆ ಸೊಂಟದಿಂದ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟರು. "ಕಾರಣ ಸಿಕ್ಕಿದೆ. ನಿನ್ನ ಹೆಂಡ್ತಿ ಹುಡುಕಿದ್ಲು. ಕೆಂಚಿ ಮೈಮೇಲೆ ಎದ್ದಿರೋದು ನನ್ನ ಭುಜದ ನೋವು ಕಣೋ" ಎಂದರು. ಆಮೇಲೆ ಎಲ್ಲಾ ಹೇಳಿದರು. ಕೈ ಮೇಲೇಳುವುದಿಲ್ಲ, ಬೆಳಗಿನ ಜಾವ ಸಹಿಸಲಾಗುವುದಿಲ್ಲ, ಗೊತ್ತಾದರೆ ಲಾಯದಿಂದ ಹೊರಗಿಡುತ್ತೀರೆಂದು ಬಚ್ಚಿಟ್ಟೆ ಎಂದರು.

ಇವರು ಕೀಲಿಯನ್ನು ಮುಟ್ಟಲಿಲ್ಲ. "ನನಗೆ ಹೇಳೋಕೇ ಭಯ ಆಗೋ ಹಾಗೆ ಮಾಡಿದ್ನಾ ಅಮ್ಮಾ ನಾನು?" ಎಂದರು. ಕೀಲಿಯನ್ನು ತಾಯಿಯ ಕಡೆಗೇ ಸರಿಸಿದರು. ಆಮೇಲೆ ಅಷ್ಟಕ್ಕೇ ಬಿಡದೆ, "ಆದ್ರೆ ನಾಳೆನೇ ಆಸ್ಪತ್ರೆಗೆ" ಎಂದು ಗದರಿದರು. ಅದಕ್ಕೆ ಅತ್ತೆ, "ನಾಳೆ ಆಗಲ್ಲ, ನಾಳೆ ಲಾರಿಯವನು ಬರ್ತಾನೆ, ಅವನಿಗೆ ಊಟ ಹಾಕಿ ಕಳಿಸಬೇಕು" ಎಂದರು.

ಮಾರ್ಚ್ 29, ಶನಿವಾರ

ಹುಲ್ಲುಗಾವಲಿನವ ಬಂದ. ಒಳ್ಳೆಯ ಮನುಷ್ಯ. ಅಷ್ಟು ದೂರದಿಂದ ಬಂದು ಖಾಲಿ ಲಾರಿ ಒಯ್ಯಬೇಕಾಯಿತೆಂದು ಸಿಡುಕಲಿಲ್ಲ. ಕೆಂಚಿಯ ಬಲಗಡೆಯ ಒಂಟಿ ಗಂದೆಯನ್ನು ಕುತೂಹಲದಿಂದ ನೋಡಿ, ತನ್ನಲ್ಲೊಂದು ಕುದುರೆಗೆ ಮೂತಿಯಲ್ಲಿ ಮಾತ್ರ ಹುಣ್ಣಾಗುತ್ತದೆ, ಯಾಕಿರಬಹುದು ಎಂದು ನನ್ನನ್ನು ಕೇಳಿದ. ಮೂತಿಯ ಬಣ್ಣ ಏನು, ಬಿಳಿಯೋ ಕಪ್ಪೋ, ಬಿಸಿಲಲ್ಲಿ ಜಾಸ್ತಿಯೋ ಎಂದು ಕೇಳುತ್ತಾ ಹೋದೆ. ಮಾತಾಡುತ್ತಾ ಲಾರಿಯವರೆಗೂ ಹೋಗಿಬಿಟ್ಟೆ. ಅವನು ವಾಪಸ್ಸು ಹೋಗಿ ಫೋನು ಮಾಡುತ್ತಾನೆ.

ಏಪ್ರಿಲ್ 2, ಬುಧವಾರ

ಅತ್ತೆಯ ಭುಜದ ಕೀಲು ಹೆಪ್ಪುಗಟ್ಟಿದ ಹಾಗೆ ಬಿಗಿದುಕೊಂಡಿದೆಯಂತೆ. ವ್ಯಾಯಾಮ ಮಾಡಬೇಕು, ವರ್ಷವಾದರೂ ಹಿಡಿದೀತು, ಆದರೆ ಬಿಡುತ್ತದೆ ಎಂದರು ಡಾಕ್ಟರು. ಗೋಡೆಯ ಮೇಲೆ ಬೆರಳು ನಡೆಸುತ್ತಾ ಕೈ ಎತ್ತುವ ವ್ಯಾಯಾಮ. ಬೆರಳು ಇವತ್ತು ಸ್ವಿಚ್ಚಿನವರೆಗೆ ಏರಿತು. ಅಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆದೆ, ಮಗುವಿನ ಎತ್ತರ ಗುರುತು ಮಾಡಿದ ಹಾಗೆ. "ಹತ್ತಿರ ಬರ್ಬೇಡ, ನಗು ಬರುತ್ತೆ" ಎಂದು ಬೈದರು.

ಲಾಯಕ್ಕೆ ಹೋಗುವ ಮುನ್ನ ಮುಲಾಮಿಲ್ಲ. ಮಲಗುವಾಗ ಹಚ್ಚಿ, ಎದ್ದ ಕೂಡಲೇ ಸೋಪು ಹಾಕಿ ತೊಳೆದು, ಅಂಗಿ ಬದಲಾಯಿಸಿಯೇ ಲಾಯಕ್ಕೆ ಹೋಗುವುದು. ಆಮೇಲೆ ಬೇಕಾದರೆ ಮತ್ತೆ ಹಚ್ಚಿಕೊಳ್ಳುವುದು. ಇದು ಅವರೇ ಮಾಡಿಕೊಂಡ ಕಟ್ಟಳೆ. ಮೈ ಉಜ್ಜುವ ಕೆಲಸ ನನ್ನದು.

ಏಪ್ರಿಲ್ 6, ಭಾನುವಾರ

ಕೆಂಚಿಯ ಎಡ ಕುತ್ತಿಗೆ ನುಣ್ಣಗಾಗಿದೆ. ಉದುರಿದ ಕಡೆ ಹೊಸ ಕೂದಲು, ಉಳಿದುದಕ್ಕಿಂತ ಒಂದು ಬಣ್ಣ ಗಾಢ. ಅದು ಯಾಕೆ ಹಾಗೆ? ಮುಂದಿನ ಸಲ ಡಾಕ್ಟರಮ್ಮನನ್ನು ಕೇಳಬೇಕು.

ಇವತ್ತು ಬೆಳಿಗ್ಗೆ ಅಡುಗೆಮನೆಗೆ ಬಂದಾಗ ಅತ್ತೆ ಬೆಂಚಿನ ಮೇಲೆ ಕೂತಿದ್ದರು. ಸ್ನಾನವಾಗಿತ್ತು, ಕೆಂಚಿಯನ್ನು ಮಾತಾಡಿಸಿಕೊಂಡೂ ಬಂದಾಗಿತ್ತು. ಎಡಗೈಯಲ್ಲಿ ಬಲ ಮೊಣಕೈ ಹಿಡಿದುಕೊಂಡು ಹಲ್ಲು ಕಚ್ಚಿದ್ದರು. ಎದುರಿಗೆ ಮುಲಾಮಿನ ಡಬ್ಬಿ, ಮುಚ್ಚಳ ತೆಗೆದಿರಲಿಲ್ಲ. ಒಂದೇ ಕೈಯಲ್ಲಿ ಅದು ಆಗುವುದಿಲ್ಲ.

ನಾನು ಡಬ್ಬಿಗೆ ಕೈಹಾಕಿದೆ.

"ಬೇಡ" ಎಂದರು. "ನಿನ್ನ ಕೈಗೆ ಹತ್ತುತ್ತೆ. ಮೊದಲು ಅವಳ ಮೈ ಉಜ್ಜಿ ಬಾ."

"ತುಂಬಾ ನೋಯ್ತಿದೆಯಾ ಅತ್ತೆ?"

ಯಾವಾಗಲೂ ಹಾಗೆ ಕೇಳಿದರೆ ಏನಿಲ್ಲ ಹೋಗು ಎನ್ನುವವರು ಇವತ್ತು ನನ್ನ ಮುಖ ನೋಡಿದರು. "ತುಂಬಾ ನೋಯ್ತಿದೆ" ಎಂದರು. "ಪರವಾಗಿಲ್ಲ. ನೀನು ಬರೋವರೆಗೆ ಕಾಯ್ತೀನಿ."

ಓಡಿ ಹೋಗಿ ಓಡಿ ಬಂದ ಹಾಗಾಯಿತು. ಕೆಂಚಿಗೆ ಇವತ್ತು ಅರ್ಧಂಬರ್ಧ ಉಜ್ಜಿದ್ದೇನೆ. ಅವಳು ಮುಖ ಊದಿಸಿಕೊಂಡಿದ್ದಾಳೆ. ನಾಳೆ ಸರಿಮಾಡಿಕೊಡಬೇಕು.